17, 19, 23 ಸೆಕೆಂಡು

ರಾತ್ರಿ ಹತ್ತರ ಮೇಲೆ ನನ್ನ ವೆಬ್‌ಸೈಟಿನ ಫೋಲ್ಡರ್ ತೆಗೆದು ಕೂರುವಾಗ ಮೊದಲು ಕೋಡ್ ನೋಡುವುದಿಲ್ಲ, ಮೊದಲು ಒಂದು ಆಂಬಿಯೆಂಟ್ ಆಲ್ಬಂ, ಅಂದರೆ ಹಿನ್ನೆಲೆಯಲ್ಲಿ ಮೆಲ್ಲಗೆ ಇದ್ದುಬಿಡುವ ಸಂಗೀತ, ಹಾಕುತ್ತೇನೆ. ಇದು ಯಾವಾಗ ಶುರುವಾಯಿತೋ ನೆನಪಿಲ್ಲ. ಈಗ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ. ಆ ಸಂಗೀತ ಬೇರೆಲ್ಲೋ ಕಿವಿಗೆ ಬಿದ್ದರೂ ಸೈಟಿನಲ್ಲಿ ಅರ್ಧಕ್ಕೆ ಬಿಟ್ಟ ಯಾವುದೋ ಪುಟ ನೆನಪಾಗುತ್ತದೆ. ಸೈಟ್ ತೆಗೆದರೆ ಕೋಣೆ ತುಂಬಾ ಖಾಲಿ ಖಾಲಿ ಅನ್ನಿಸಿ ಕೈ ತಾನಾಗಿ ಪ್ಲೇ ಬಟನ್ ಕಡೆ ಹೋಗುತ್ತದೆ.

ಸೈಟ್ ಚಿಕ್ಕದು. ಪುಟಗಳ ಬರಹ ಇರುವ, ಕೈಯಾರೆ ಬರೆದ ಇಪ್ಪತ್ತೈದು ಎಚ್‌ಟಿಎಂಎಲ್ ಫೈಲು, ಅವುಗಳ ಬಣ್ಣ ಅಳತೆ ಹೇಳುವ ಒಂದೇ ಒಂದು ಸಿಎಸ್‌ಎಸ್ ಫೈಲು, ಒಂದಿಷ್ಟು ಚಿತ್ರ. ಓದಿದ ಪುಸ್ತಕಗಳ ಟಿಪ್ಪಣಿ, ಕೇಳಿದ ಆಲ್ಬಂಗಳ ಪಟ್ಟಿ, ಆಗಾಗ ಬರೆದ ಬರಹ. ಮುಗಿಸಲೇಬೇಕಾದ ಕೆಲಸ ಅಂತ ಅಲ್ಲಿ ಯಾವುದೂ ಇಲ್ಲ. ಇವತ್ತು ಲಿಂಕಿನ ಬಣ್ಣ ಬದಲಾಯಿಸಿ ನಾಳೆ ಮತ್ತೆ ಹಳೆ ಬಣ್ಣಕ್ಕೇ ಬರಬಹುದು, ಕೇಳುವವರಿಲ್ಲ. ಇಂಥ ಕೆಲಸಕ್ಕೆ ಎಲ್ಲ ಸಂಗೀತವೂ ಹೊಂದುವುದಿಲ್ಲ ಅನ್ನುವುದು ನನಗೆ ನಿಧಾನಕ್ಕೆ ಗೊತ್ತಾಯಿತು.

ಹಾಡು ಹಾಕಿದರೆ ನಾನು ಹಾಡಿನ ಹಿಂದೆ ಹೊರಟುಬಿಡುತ್ತೇನೆ. ಪಲ್ಲವಿ ಮುಗಿಯುವವರೆಗೆ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿರುತ್ತದೆ. ಕೋಡೂ ಮಾತೇ, ಬರಹವೂ ಮಾತೇ, ಹಾಡೂ ಮಾತೇ. ಒಂದೇ ಬಾಗಿಲಲ್ಲಿ ಮೂರು ಜನ ಒಟ್ಟಿಗೆ ನುಗ್ಗಿದ ಹಾಗಾಗುತ್ತದೆ. ಇನ್ನು ಜೋರು ಬೀಟ್ ಇರುವ ಎಲೆಕ್ಟ್ರಾನಿಕ್ ಸಂಗೀತ ನನಗೆ ಇಷ್ಟವೇ, ಆದರೆ ಅದು ಹಿಂದಿನಿಂದ ತಳ್ಳುತ್ತಾ ಇರುತ್ತದೆ. ಮುಂದೆ ಹೋಗು, ಮುಂದೆ ಹೋಗು. ಅವಸರದ ಕೆಲಸವಿದ್ದರೆ ಸರಿ. ಒಂದು ಮಾರ್ಜಿನ್ 20 ಪಿಕ್ಸೆಲ್ ಇರಬೇಕೋ 24 ಇರಬೇಕೋ ಅಂತ ಕಾಲು ಗಂಟೆ ನೋಡುತ್ತಾ ಕೂರುವವನಿಗೆ ತಳ್ಳುವವರು ಬೇಡ. ಪಕ್ಕದಲ್ಲಿ ಸುಮ್ನೆ ಕೂತಿರುವವರು ಬೇಕು.

ಈ ಸಂಗೀತ ಹುಟ್ಟಿದ ಕಥೆಯಲ್ಲೂ ಹೀಗೆ ಸುಮ್ನೆ ಮಲಗಿರುವ ಒಬ್ಬ ಮನುಷ್ಯ ಇದ್ದಾನೆ. 1975ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋಗೆ ಟ್ಯಾಕ್ಸಿ ಗುದ್ದಿ ಹಾಸಿಗೆ ಹಿಡಿಯಬೇಕಾಯಿತು. ನೋಡಲು ಬಂದ ಗೆಳತಿಯೊಬ್ಬರು 18ನೇ ಶತಮಾನದ ಹಾರ್ಪ್ ಸಂಗೀತದ ಒಂದು ರೆಕಾರ್ಡ್ ತಂದುಕೊಟ್ಟರು. ಅವರು ಹೋದ ಮೇಲೆ ಈನೋ ಕಷ್ಟಪಟ್ಟು ಎದ್ದು ರೆಕಾರ್ಡ್ ಹಾಕಿ ಬಂದು ಮಲಗಿದರು. ಮಲಗಿದ ಮೇಲೆ ಗೊತ್ತಾಯಿತು, ವಾಲ್ಯೂಮ್ ತೀರಾ ಕಮ್ಮಿ, ಸ್ಟೀರಿಯೋದ ಒಂದು ಕಡೆ ಸದ್ದೇ ಇಲ್ಲ. ಮತ್ತೆ ಏಳುವ ಶಕ್ತಿ ಇರಲಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನ ಮಧ್ಯೆ ಹಾರ್ಪಿನ ಜೋರು ಸ್ವರಗಳು ಮಾತ್ರ ಅಲ್ಲೊಂದು ಇಲ್ಲೊಂದು ಕೇಳುತ್ತಿದ್ದವು. ಸಂಗೀತ ಹೀಗೂ ಇರಬಹುದಲ್ಲ, ಬೆಳಕಿನ ಹಾಗೆ, ಮಳೆಯ ಹಾಗೆ, ಕೋಣೆಯ ಒಂದು ಭಾಗವಾಗಿ, ಅಂತ ಅವರಿಗೆ ಹೊಳೆದದ್ದು ಆಗ. ಅದೇ ವರ್ಷ 'ಡಿಸ್ಕ್ರೀಟ್ ಮ್ಯೂಸಿಕ್' ಬಂತು, ಮೂರು ವರ್ಷ ಬಿಟ್ಟು 1978ರಲ್ಲಿ 'ಆಂಬಿಯೆಂಟ್ 1: ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್'. ಆಂಬಿಯೆಂಟ್ ಅನ್ನುವ ಹೆಸರು ನೆಲೆ ನಿಂತದ್ದು ಅಲ್ಲಿಂದ. ಕಿವಿಗೊಟ್ಟು ಕೇಳಿದರೆ ಹಿಡಿಸಬೇಕು, ಕಿವಿಗೊಡದೆ ಬಿಟ್ಟರೂ ನಡೆಯಬೇಕು, ಎರಡೂ ಒಂದೇ ಪ್ರಮಾಣದಲ್ಲಿ: ಆಲ್ಬಂ ಜೊತೆಗಿನ ಬರಹದಲ್ಲಿ ಈನೋ ಹೇಳಿದ್ದರ ತಿರುಳು ಇದು. ಇದಕ್ಕೂ ಎಷ್ಟೋ ಮುಂಚೆ, 1917ರ ಹೊತ್ತಿಗೇ, ಸಂಗೀತ ಸಂಯೋಜಕ ಎರಿಕ್ ಸಾಟಿ ಫ್ರಾನ್ಸಿನಲ್ಲಿ 'ಪೀಠೋಪಕರಣ ಸಂಗೀತ' ಅನ್ನುವ ಮಾತು ಆಡಿದ್ದರು. ಕುರ್ಚಿ ಮೇಜಿನ ಹಾಗೆ ಇದ್ದುಬಿಡುವ ಸಂಗೀತ.

ಈ ಕಥೆ ಓದಿದ ದಿನ ನಾನು ಹೆಡ್‌ಫೋನ್ ತೆಗೆದಿಟ್ಟೆ. ಅಲ್ಲಿಯವರೆಗೆ ಕಿವಿ ತುಂಬಾ ಹಾಕಿಕೊಂಡು ಕೇಳುತ್ತಿದ್ದೆ. ಈಗ ಮೇಜಿನ ಆಚೆ ತುದಿಗೆ ಎರಡು ಚಿಕ್ಕ ಸ್ಪೀಕರ್ ಇವೆ, ವಾಲ್ಯೂಮ್ ಎಷ್ಟು ಕಮ್ಮಿ ಅಂದರೆ ಫ್ಯಾನ್ ಸದ್ದು ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಕೀ ಒತ್ತಿದ ಟಕ್ ಟಕ್ ಕೂಡ ಅದರೊಳಗೆ ಸೇರಿಕೊಳ್ಳುತ್ತದೆ. ಮೊದಮೊದಲು ಏನೋ ಕಳೆದುಕೊಂಡ ಹಾಗಿತ್ತು. ಒಂದು ವಾರದಲ್ಲಿ ಅಭ್ಯಾಸವಾಯಿತು. ಎಷ್ಟೋ ಸಲ ಆಲ್ಬಂ ಮುಗಿದು ಅರ್ಧ ಗಂಟೆ ಆಗಿರುತ್ತದೆ, ನನಗೆ ಗೊತ್ತೇ ಆಗಿರುವುದಿಲ್ಲ, ಫ್ಯಾನಿನ ಸದ್ದನ್ನೇ ಸಂಗೀತ ಅಂತ ಕೇಳುತ್ತಾ ಕೂತಿರುತ್ತೇನೆ. ಆ ಅರ್ಧ ಗಂಟೆ ನನಗೆ ತುಂಬಾ ಇಷ್ಟ.

ಒಂದು ರಾತ್ರಿಯ ಕೆಲಸ ಹೇಳುತ್ತೇನೆ. ಸಾಲುಗಳ ನಡುವಿನ ಜಾಗದ್ದು. ಸಿಎಸ್‌ಎಸ್‌ನಲ್ಲಿ ಅದಕ್ಕೆ ಲೈನ್-ಹೈಟ್ ಅಂತಾರೆ. ನಾನು ಮೊದಲು ಎಲ್ಲಿಂದಲೋ ತಂದು ಹಾಕಿಕೊಂಡ ಸಿಎಸ್‌ಎಸ್ ಇಂಗ್ಲಿಷ್ ಅಕ್ಷರಕ್ಕಾಗಿ ಬರೆದದ್ದು, ಅದರಲ್ಲಿ ಲೈನ್-ಹೈಟ್ 1.3 ಇತ್ತು. ಇಂಗ್ಲಿಷಿಗೆ ಸಾಕು. ನಮ್ಮ ಅಕ್ಷರ ಹಾಗಲ್ಲ ಅಲ್ವಾ? ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 'ರಾಷ್ಟ್ರ' ಅನ್ನುವ ಒಂದು ಪದ ತೆಗೆದುಕೊಳ್ಳಿ, 'ಷ'ಗೆ ಟ ಒತ್ತು, ಅದಕ್ಕೆ ಮತ್ತೆ ರ ಒತ್ತು. ಅದರ ಕೆಳಗಿನ ಸಾಲಿನಲ್ಲಿ ಸರಿಯಾಗಿ ಅದೇ ಜಾಗಕ್ಕೆ 'ಕೀ' ಬಂದರೆ ಮೇಲಿನ ಒತ್ತೂ ಕೆಳಗಿನ ಗುಡಿಸೂ ಒಂದಕ್ಕೊಂದು ತಾಗಿ ಎರಡೂ ಓದಲು ಆಗುವುದಿಲ್ಲ. ಎಷ್ಟೋ ಕನ್ನಡ ಪುಟಗಳಲ್ಲಿ ಇದನ್ನು ನೋಡಿದ್ದೇನೆ, ನನ್ನ ಪುಟದಲ್ಲೇ ಇದೆ ಅಂತ ಆ ರಾತ್ರಿ ಕಣ್ಣಿಗೆ ಬಿತ್ತು.

'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್'ನ ಮೊದಲ ತುಣುಕು ಹಾಕಿದ್ದೆ. ಹದಿನೇಳು ನಿಮಿಷದ್ದು. ಪಿಯಾನೋದಲ್ಲಿ ಕೆಲವೇ ಸ್ವರ, ಸ್ವಲ್ಪ ಬಿಡುವು, ಮತ್ತೆ ಅವೇ ಸ್ವರ. 1.3 ಇದ್ದದ್ದನ್ನು 1.5 ಮಾಡಿದೆ, ರಿಫ್ರೆಶ್. ಇನ್ನೂ ಇಕ್ಕಟ್ಟು. 1.6, ರಿಫ್ರೆಶ್. ತಾಗುವುದು ನಿಂತಿತು, ಆದರೆ ಕಣ್ಣಿಗೆ ಉಸಿರಾಡಲು ಜಾಗ ಇಲ್ಲ. 2 ಮಾಡಿದೆ, ಸಾಲುಗಳು ದೂರ ದೂರ ಹೋಗಿ ಒಂದು ಪ್ಯಾರಾ ಅನ್ನಿಸಲೇ ಇಲ್ಲ. ಮತ್ತೆ 1.8. ಮತ್ತೆ 1.7. ಕೊನೆಗೆ 1.75ಕ್ಕೆ ನಿಂತೆ. ಪ್ರತಿ ಸಲ ರಿಫ್ರೆಶ್ ಮಾಡಿ ಅದೇ ಪ್ಯಾರಾ ಓದುತ್ತಿದ್ದೆ, ಹಿಂದೆ ಪಿಯಾನೋ ಕೂಡ ಅದೇ ಸ್ವರಗಳನ್ನು ಮತ್ತೆ ನುಡಿಸುತ್ತಿತ್ತು. ಬೇಜಾರು ಬರಲೇ ಇಲ್ಲ. ಒಂದೇ ವಸ್ತುವನ್ನು ಹತ್ತು ಸಲ ನೋಡಲು ಈ ಸಂಗೀತ ಕಿವಿಯನ್ನೂ ಕಣ್ಣನ್ನೂ ಒಟ್ಟಿಗೆ ಪಳಗಿಸುತ್ತದೆ ಅಂತ ನನಗೆ ಅನ್ನಿಸಿದ್ದು ಅವತ್ತು. ಹತ್ತನೇ ಸಲ ನೋಡಿದಾಗಲೇ ಇನ್ನೊಂದು ಕಂಡಿತು, ಮೆನುವಿನ ಬಟನ್‌ಗೆ ನಾನು ಎತ್ತರವನ್ನು 28 ಪಿಕ್ಸೆಲ್ ಅಂತ ಕಟ್ಟಿಹಾಕಿ ಮಿಕ್ಕಿದ್ದನ್ನು ಮರೆ ಮಾಡಿದ್ದೆ. 'ಪುಸ್ತಕ' ಅನ್ನುವ ಪದದ ತ ಒತ್ತು ಅರ್ಧ ಕತ್ತರಿಸಿಹೋಗಿತ್ತು. ಎಷ್ಟು ತಿಂಗಳಿಂದ ಹಾಗೇ ಇತ್ತೋ. ಎತ್ತರ ತೆಗೆದು ಪ್ಯಾಡಿಂಗ್, ಅಂದರೆ ಅಕ್ಷರದ ಸುತ್ತ ಜಾಗ, ಕೊಟ್ಟೆ, ಒತ್ತು ಪೂರ್ತಿ ಬಂತು.

ಇದನ್ನು ಮಾಡುವವರಿಗೆ ಒಂದು ಮಾತು. ಲೈನ್-ಹೈಟ್ ಕೊಡುವಾಗ ಬರೀ 1.75 ಅಂತ ಕೊಡಿ, ಪಿಕ್ಸೆಲ್‌ನಲ್ಲಿ ಕೊಡಬೇಡಿ. ಪುಟಕ್ಕೆಲ್ಲ ಒಟ್ಟಾಗಿ 28 ಪಿಕ್ಸೆಲ್ ಅಂದರೆ 16 ಪಿಕ್ಸೆಲ್ ಅಕ್ಷರಕ್ಕೆ ಚೆನ್ನಾಗಿಯೇ ಕಾಣುತ್ತದೆ. ಆದರೆ 32 ಪಿಕ್ಸೆಲ್‌ನ ತಲೆಬರಹಕ್ಕೂ ಅದೇ 28 ಬರುತ್ತದೆ, ತಲೆಬರಹ ಎರಡು ಸಾಲಾದರೆ ಒಂದರ ಮೇಲೊಂದು ಕೂರುತ್ತದೆ. ಬರೀ ಸಂಖ್ಯೆ ಕೊಟ್ಟರೆ ಆಯಾ ಅಕ್ಷರದ ಗಾತ್ರಕ್ಕೆ ತಕ್ಕಂತೆ ಲೆಕ್ಕ ಆಗುತ್ತದೆ.

ಅದೇ ಆಲ್ಬಂನ ಎರಡನೇ ತುಣುಕು ನನ್ನನ್ನು ಇನ್ನೂ ದೂರ ಕರೆದುಕೊಂಡು ಹೋಯಿತು. ಅದರಲ್ಲಿ ಇರುವುದು ಕಂಠಗಳು ಮಾತ್ರ. ಮೂವರು ಹೆಂಗಸರು ಮತ್ತು ಈನೋ ಒಂದೊಂದೇ ಸ್ವರವನ್ನು ಉದ್ದಕ್ಕೆ ಹಾಡಿದ್ದು. ಪ್ರತಿ ಸ್ವರವೂ ಒಂದೊಂದು ಟೇಪಿನಲ್ಲಿ, ಟೇಪಿನ ಎರಡು ತುದಿ ಅಂಟಿಸಿ ಲೂಪ್ ಮಾಡಿದ್ದು. ಎಲ್ಲ ಲೂಪುಗಳೂ ಬೇರೆ ಬೇರೆ ಉದ್ದ. ಟೇಪು ಎಷ್ಟು ಉದ್ದ ಇತ್ತು ಅಂದರೆ, ಜರ್ಮನಿಯಲ್ಲಿ ರೆಕಾರ್ಡಿಂಗ್ ನಿರ್ಮಾಪಕ ಕಾನಿ ಪ್ಲಾಂಕ್ ಅವರ ಸ್ಟುಡಿಯೋದಲ್ಲಿ ಅಲ್ಯೂಮಿನಿಯಂ ಕುರ್ಚಿಗಳ ಕಾಲಿಗೆ ಸುತ್ತಿಸಿ ಓಡಿಸಿದ್ದರಂತೆ. 1996ರ ಒಂದು ಉಪನ್ಯಾಸದಲ್ಲಿ ಈನೋ ಆ ಅಳತೆಗಳನ್ನು ಹೇಳಿದ್ದಾರೆ. ಒಂದು ಸ್ವರ ಇಪ್ಪತ್ತಮೂರೂವರೆ ಸೆಕೆಂಡಿಗೊಮ್ಮೆ ಬರುತ್ತದೆ, ಇನ್ನೊಂದು ಸುಮಾರು 25.875 ಸೆಕೆಂಡಿಗೊಮ್ಮೆ, ಮತ್ತೊಂದು ಸುಮಾರು 29.9375. ಆಮೇಲೆ ಅವರು ಮಾಡಿದ್ದೇನೂ ಇಲ್ಲ, ಟೇಪುಗಳನ್ನು ಓಡಲು ಬಿಟ್ಟರು. ಯಾವ ಸ್ವರ ಯಾವುದರ ಪಕ್ಕ ಬಂದು ಕೂರಬೇಕು ಅನ್ನುವುದನ್ನು ಉದ್ದಗಳೇ ನೋಡಿಕೊಂಡವು. ಆ ಮೂರು ಅಂಕಿಗಳನ್ನೇ ಹಿಡಿದು ನಾನು ಲೆಕ್ಕ ಹಾಕಿದೆ. ಮೂರೂ ಒಟ್ಟಿಗೆ ಶುರುವಾದರೆ ಮತ್ತೆ ಒಟ್ಟಿಗೆ ಬರಲು ಸುಮಾರು 27 ದಿನ ಬೇಕು. ಆಲ್ಬಂನಲ್ಲಿ ನಾವು ಕೇಳುವುದು ಆ 27 ದಿನದಲ್ಲಿ ಬರೀ ಒಂಬತ್ತು ನಿಮಿಷದಷ್ಟು. ಈ ಲೆಕ್ಕ ಬಂದ ಮೇಲೆ ನಾನು ಸ್ವಲ್ಪ ಹೊತ್ತು ಏನೂ ಮಾಡದೆ ಕೂತಿದ್ದೆ.

ಹದಿನೇಳು ನಿಮಿಷದ ಪಿಯಾನೋ ಕೊಟ್ಟ ಇದೇ ಮನುಷ್ಯನ ಹತ್ತಿರ ಮುಂದೆ ವಿಂಡೋಸ್ 95 ಶುರುವಾಗುವಾಗ ಬರಲು ಮೂರೂಕಾಲು ಸೆಕೆಂಡಿನ ಒಂದು ಸದ್ದು ಮಾಡಿಕೊಡಿ ಅಂತ ಕೇಳಿದರು. ಅವರು 84 ತುಣುಕು ಮಾಡಿದರಂತೆ. ವಿಂಡೋಸ್ 95 ಇದ್ದ ಕಂಪ್ಯೂಟರ್ ಆನ್ ಮಾಡಿದ ಎಷ್ಟೋ ಜನ ಹೆಸರು ಗೊತ್ತಿಲ್ಲದೆಯೇ ಈನೋವನ್ನು ಕೇಳಿದ್ದಾರೆ ಅನ್ನುವುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಇಷ್ಟಾದ ಮೇಲೆ ಸುಮ್ನಿರಲು ಆಗಲಿಲ್ಲ. ನನ್ನ ಸೈಟಿನಲ್ಲೂ ಒಂದು ಪುಟ ಇರಲಿ, ತೆಗೆದರೆ ಮೂರು ಸ್ವರ ಸುತ್ತುತ್ತಾ ಇರಲಿ ಅಂತ ಕೂತೆ. ಟೇಪೂ ಬೇಡ, ಕುರ್ಚಿಯೂ ಬೇಡ, ಬ್ರೌಸರ್ ಒಳಗೇ ಸದ್ದು ಹುಟ್ಟಿಸುವ ವೆಬ್ ಆಡಿಯೋ ಅನ್ನುವ ವ್ಯವಸ್ಥೆ ಇದೆ. ಸದ್ದಿನ ಅಲೆ ಹುಟ್ಟಿಸುವ ಆಸಿಲೇಟರ್ ಅಂತ ಒಂದು ಮಾಡಿಕೊಳ್ಳುವುದು, ಅದಕ್ಕೆ 220 ಹರ್ಟ್ಸ್ ಅಂತ ಹೇಳುವುದು, ಅದನ್ನು ವಾಲ್ಯೂಮ್ ಏರಿಸಿ ಇಳಿಸುವ ಭಾಗಕ್ಕೆ ಜೋಡಿಸಿ ಸ್ಪೀಕರಿಗೆ ಬಿಡುವುದು. ಹತ್ತು ಸಾಲೂ ಆಗುವುದಿಲ್ಲ. 220, 247, 330 ಹರ್ಟ್ಸಿನ ಮೂರು ಸ್ವರ ಆರಿಸಿಕೊಂಡೆ. ಬರೆದೆ, ಪುಟ ತೆಗೆದೆ, ಸದ್ದಿಲ್ಲ. ಸ್ಪೀಕರ್ ನೋಡಿದೆ, ಸರಿ ಇದೆ. ಕೋಡ್ ಮತ್ತೆ ಓದಿದೆ, ಸರಿ ಇದೆ. ಒಂದು ಗಂಟೆ ಹೋಯಿತು. ಕೊನೆಗೆ ಬ್ರೌಸರ್ ತನ್ನ ಎಚ್ಚರಿಕೆಗಳನ್ನು ತೋರಿಸುವ ಕನ್ಸೋಲ್ ತೆಗೆದು ನೋಡಿದರೆ ಹಳದಿ ಬಣ್ಣದಲ್ಲಿ ಒಂದು ಸಾಲು ಮೊದಲಿನಿಂದಲೂ ಕಾಯುತ್ತಾ ಕೂತಿದೆ: ಪುಟ ತೆಗೆದವರು ಎಲ್ಲಾದರೂ ಕ್ಲಿಕ್ ಮಾಡುವವರೆಗೆ ಸದ್ದು ಶುರು ಮಾಡುವ ಹಾಗಿಲ್ಲ.

ಮೊದಲ ಕ್ಷಣಕ್ಕೆ ಕಿರಿಕಿರಿ ಆಯಿತು. ಆಮೇಲೆ ಯೋಚಿಸಿದರೆ ನಿಯಮ ಸರಿಯಾಗಿಯೇ ಇದೆ. 90ರ ದಶಕದ ಎಷ್ಟೋ ಪುಟಗಳಿಗೆ ಹಿನ್ನೆಲೆಯಲ್ಲಿ ಮಿಡಿ ಅನ್ನುವ ಚಿಕ್ಕ ಫೈಲಿನ ಕಂಪ್ಯೂಟರ್ ಸಂಗೀತ ಕಟ್ಟಿರುತ್ತಿದ್ದರು, ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಅದಕ್ಕೆಂದೇ ಬಿಜಿಸೌಂಡ್ ಅಂತ ಒಂದು ಟ್ಯಾಗ್ ಇತ್ತು. ಪುಟ ತೆಗೆದರೆ ಹೇಳದೆ ಕೇಳದೆ ಸಂಗೀತ ಶುರು. ಆಮೇಲೆ ಜಾಹೀರಾತುಗಳೂ ಅದೇ ದಾರಿ ಹಿಡಿದವು. 2018ರ ಹೊತ್ತಿಗೆ ದೊಡ್ಡ ಬ್ರೌಸರ್‌ಗಳು ಇದಕ್ಕೆ ಗಟ್ಟಿಯಾಗಿ ತಡೆ ಹಾಕಿದವು. ನಾನು ಮಾಡಲು ಹೊರಟದ್ದಂತೂ ಒಬ್ಬರ ಕೋಣೆಯೊಳಗೆ ಮೆಲ್ಲಗೆ ಇರಬೇಕಾದ ಸಂಗೀತ. ಅದು ಬಾಗಿಲು ತಟ್ಟದೆ ಒಳಗೆ ಬರಬಾರದು. ಪುಟದ ಮಧ್ಯೆ ಒಂದು ಬಟನ್ ಇಟ್ಟೆ, ಮೇಲೆ 'ಕೇಳಿ' ಅಂತ ಬರೆದೆ. ಒತ್ತಿದರೆ ಮಾತ್ರ ಸ್ವರ.

ಒತ್ತಿದೆ. ಸ್ವರ ಬಂತು, ಆದರೆ ಪ್ರತಿ ಸ್ವರ ನಿಲ್ಲುವಾಗ ಟಪ್ ಅಂತ ಒಂದು ಸದ್ದು. ಅಲೆಯನ್ನು ನಡುವೆ ಎಲ್ಲೋ ಕತ್ತರಿಸಿದರೆ ಸ್ಪೀಕರ್ ಆ ಜಾಗದಿಂದ ಸೊನ್ನೆಗೆ ಒಮ್ಮೆಲೇ ಹಾರಬೇಕಾಗುತ್ತದೆ, ಆ ಹಾರಿದ ಸದ್ದೇ ಅದು. ಹಾಗಾಗಿ ಸ್ವರವನ್ನು ನಿಲ್ಲಿಸಬಾರದು, ಇಳಿಸಬೇಕು. ನಾಲ್ಕು ಸೆಕೆಂಡಿನಲ್ಲಿ ಏರಿಕೆ, ಆರು ಸೆಕೆಂಡಿನಲ್ಲಿ ಇಳಿಕೆ ಅಂತ ಬರೆದೆ. ಇಳಿಕೆಗೆ ಎರಡು ದಾರಿ ಇವೆ, ಒಂದೇ ಸಮ ಇಳಿಯುವುದು ಅಥವಾ ಮೊದಲು ಬೇಗ ಇಳಿದು ಆಮೇಲೆ ನಿಧಾನವಾಗಿ ಕರಗುವುದು. ಗಂಟೆ ಬಾರಿಸಿದರೆ ಕೇಳುವುದು ಎರಡನೆಯದು. ಅದನ್ನೇ ಆರಿಸಿ 'ಸೊನ್ನೆಯವರೆಗೆ ಇಳಿ' ಅಂತ ಬರೆದರೆ ಬ್ರೌಸರ್ ತಪ್ಪು ಅಂತ ತೋರಿಸಿತು. ಯಾಕೆ ಅಂದರೆ ಆ ಇಳಿಕೆ ಇದ್ದದ್ದರಲ್ಲಿ ಇಷ್ಟು ಪಾಲು ಕಳೆಯುತ್ತಾ ಹೋಗುವ ಲೆಕ್ಕ, ಎಷ್ಟು ಕಳೆದರೂ ಚೂರು ಉಳಿಯುತ್ತದೆ, ಸೊನ್ನೆ ಮುಟ್ಟುವುದೇ ಇಲ್ಲ. 0.0001ಕ್ಕೆ ಇಳಿಸಿದೆ. ಕಿವಿಗೆ ಅದೂ ಸೊನ್ನೆಯೇ. ಟಪ್ ಹೋಯಿತು. ಸ್ವರ ಎಲ್ಲಿ ಮುಗಿಯಿತು, ಫ್ಯಾನ್ ಸದ್ದು ಎಲ್ಲಿ ಶುರುವಾಯಿತು ಅಂತ ಹೇಳಲು ಆಗದ ಹಾಗೆ ಬಂತು. ಆ ಇಳಿಕೆಯನ್ನು ಅವತ್ತು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಲೂಪಿನ ಉದ್ದಕ್ಕೆ 17, 19, 23 ಸೆಕೆಂಡು ಇಟ್ಟೆ. ಮೂರೂ ಅವಿಭಾಜ್ಯ ಸಂಖ್ಯೆ, ಹಾಗಾಗಿ ಬೇಗ ಒಂದಕ್ಕೊಂದು ಸಿಗುವುದಿಲ್ಲ. 17ರದ್ದೂ 19ರದ್ದೂ ಒಟ್ಟಿಗೆ ಶುರುವಾಗುವುದು 5 ನಿಮಿಷ 23 ಸೆಕೆಂಡಿಗೊಮ್ಮೆ. 19 ಮತ್ತು 23 ಸಿಗುವುದು 7 ನಿಮಿಷ 17 ಸೆಕೆಂಡಿಗೆ. ಮೂರೂ ಒಟ್ಟಿಗೆ ಬರಬೇಕಾದರೆ ಮೂರನ್ನೂ ಗುಣಿಸಬೇಕು, 7429 ಸೆಕೆಂಡು, ಅಂದರೆ 2 ಗಂಟೆ 3 ನಿಮಿಷ 49 ಸೆಕೆಂಡು. ಅಲ್ಲಿಯವರೆಗೆ ಎಲ್ಲಿ ಕಿವಿಗೊಟ್ಟರೂ ಸ್ವರಗಳ ನಡುವಿನ ದೂರ ಬೇರೆಯೇ. 29 ಸೆಕೆಂಡಿನ ನಾಲ್ಕನೆಯದನ್ನೂ ಸೇರಿಸಿ ನೋಡಿದೆ, ಲೆಕ್ಕ ಹೆಚ್ಚುಕಮ್ಮಿ 60 ಗಂಟೆಗೆ ಹೋಯಿತು. ಲೆಕ್ಕಕ್ಕೆ ಚೆನ್ನ, ಕಿವಿಗೆ ಇಕ್ಕಟ್ಟು. ಸಾಲುಗಳ ನಡುವೆ ಜಾಗ ಬೇಕಿದ್ದ ಹಾಗೆ ಇಲ್ಲೂ ಜಾಗ ಬೇಕಿತ್ತು. ನಾಲ್ಕನೆಯದನ್ನು ತೆಗೆದೆ.

ಈಚೆಗೆ ಆಲ್ಬಂ ಪಟ್ಟಿಯ ಪುಟ ಸರಿ ಮಾಡುತ್ತಿದ್ದೇನೆ. ಅದರಲ್ಲಿ ಲಿಂಕುಗಳು ಜಾಸ್ತಿ, ಹಳೆಯವು ಒಂದೊಂದಾಗಿ ಸಾಯುತ್ತಿವೆ. ಜನ ತಮ್ಮದೇ ಪುಟ ಮಾಡಿ ಇಡುತ್ತಿದ್ದ, 1994ರಲ್ಲಿ ಶುರುವಾದ ಜಿಯೋಸಿಟೀಸ್ ತಾಣ 2009ರಲ್ಲಿ ಮುಚ್ಚಿದಾಗ ಲಕ್ಷಗಟ್ಟಲೆ ಜನರ ಇಂಥ ಪುಟಗಳು ಒಂದೇ ಸಲಕ್ಕೆ ಹೋದವು, ಆಸಕ್ತರು ಹಗಲು ರಾತ್ರಿ ಕೂತು ಪ್ರತಿ ಮಾಡಿಟ್ಟುಕೊಂಡಷ್ಟು ಮಾತ್ರ ಉಳಿದವು. ನನ್ನ ಪಟ್ಟಿಯಲ್ಲಿ ಅಮೆರಿಕದ ಸಂಗೀತಗಾರ ವಿಲಿಯಂ ಬಸಿನ್ಸ್ಕಿ ಅವರ 'ಡಿಸಿಂಟಿಗ್ರೇಷನ್ ಲೂಪ್ಸ್' ಇದೆ. ಅವರು 2001ರಲ್ಲಿ ತಮ್ಮ ಹಳೆ ಟೇಪ್ ಲೂಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹಾಕಿದರೆ, ಸುತ್ತಿದಂತೆಲ್ಲ ಟೇಪಿನ ಮೇಲೆ ಸದ್ದನ್ನು ಹಿಡಿದಿಟ್ಟಿದ್ದ ಪುಡಿಯೇ ಉದುರತೊಡಗಿತು. ಅವರು ನಿಲ್ಲಿಸಲಿಲ್ಲ. ರೆಕಾರ್ಡ್ ಆಗುತ್ತಿದ್ದ ಹಾಗೇ ಸಂಗೀತ ಸುತ್ತಿಗೆ ಒಂದು ಚೂರಿನಂತೆ ಕಳೆದುಹೋಗುತ್ತಾ ಬಂತು, ಅದೇ ಆಲ್ಬಂ ಆಯಿತು. ಸತ್ತ ಲಿಂಕ್ ಸಿಕ್ಕಿದಾಗ ಮೊದಲೆಲ್ಲ ಅಳಿಸಿಬಿಡುತ್ತಿದ್ದೆ. ಈಗ ಅಳಿಸುವುದಿಲ್ಲ, ಲಿಂಕ್ ತೆಗೆದು ಹೆಸರನ್ನು ಬೂದು ಬಣ್ಣದಲ್ಲಿ ಅಲ್ಲೇ ಬಿಡುತ್ತೇನೆ.

ಕಳೆದ ಭಾನುವಾರ ಆ ಕೆಲಸಕ್ಕೆ ಕೂತಾಗ ಬೇರೆ ಆಲ್ಬಂ ಹಾಕಲಿಲ್ಲ, ನನ್ನದೇ ಪುಟ ತೆಗೆದು 'ಕೇಳಿ' ಒತ್ತಿದೆ. ಗಂಟೆ ಹತ್ತು ಇಪ್ಪತ್ತಾರು. ಮೂರೂ ಸ್ವರ ಒಟ್ಟಿಗೆ ಏರಿದವು, ಆಮೇಲೆ ಬೇರೆ ಬೇರೆಯಾಗಿ ಹೊರಟವು. ಒಂದೊಂದೇ ಲಿಂಕ್ ಒತ್ತಿ ನೋಡುತ್ತಾ ಹೋದೆ. ಇದ್ದವಕ್ಕೆ ಇರಲಿ ಅಂದೆ, ಹೋದವಕ್ಕೆ ಬೂದು ಬಣ್ಣ. ಸ್ವರಗಳನ್ನು ಎಷ್ಟು ಹೊತ್ತು ಕೇಳಿದೆ, ಎಷ್ಟು ಹೊತ್ತು ಮರೆತೆ, ಗೊತ್ತಿಲ್ಲ. ಒಂದು ಪುಟ ತೆರೆಯಲು ತಡವಾಗುತ್ತಿತ್ತು, ಕಾಯುತ್ತಾ ಕೂತಿದ್ದೆ, ಆಗ ಮೂರೂ ಸ್ವರ ಮತ್ತೆ ಒಟ್ಟಿಗೆ ಏರಿದವು. ಗಡಿಯಾರ ನೋಡಿದೆ. ಹನ್ನೆರಡೂವರೆಗೆ ಹತ್ತೋ ಹನ್ನೆರಡೋ ಸೆಕೆಂಡು ಬಾಕಿ. ಆ ಪುಟವೂ ಅಷ್ಟರಲ್ಲಿ ತೆರೆದುಕೊಂಡಿತು, ಅದಕ್ಕೆ ಬೂದು ಬಣ್ಣ ಬೇಕಾಗಲಿಲ್ಲ.